ಆ ವಿಡಿಯೊ ಇನ್ನೂ ನಿಮ್ಮ ಮೊಬೈಲಿನಲ್ಲಿದೆಯೇ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಂಧುಗಳೇ, ತಾಯಂದಿರೇ, ಕಾಲೇಜು ಹುಡುಗ ಹುಡುಗಿಯರೇ,

ಇದು ಓಟು ಕೇಳುವ ಕಾಗದವಲ್ಲ. ಇದನ್ನು ಅಚ್ಚು ಹಾಕಿಸಿದವರಲ್ಲಿ ಮೂರೂ ಪಕ್ಷಕ್ಕೆ ಓಟು ಹಾಕಿದವರಿದ್ದಾರೆ, ಯಾವ ಪಕ್ಷದ ಸಹವಾಸವೂ ಬೇಡ ಅಂದವರೂ ಇದ್ದಾರೆ. ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ, ಆದರೆ ಎದುರಾಬದುರು ಕೂತಾಗ ಯಾರೂ ಎತ್ತದ ಒಂದು ವಿಷಯವನ್ನು ಎತ್ತಲೇಬೇಕಾಗಿದೆ. ಓದುತ್ತಾ ಓದುತ್ತಾ ಕೆಲವರಿಗೆ ಕೋಪ ಬರಬಹುದು. ಬರಲಿ.

2024ರ ಏಪ್ರಿಲ್ 26ರಂದು ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಮತದಾನ. ಅದಕ್ಕೆ ಕೆಲವೇ ದಿನ ಮುಂಚೆ ಜಿಲ್ಲೆಯ ಸಾರ್ವಜನಿಕ ಜಾಗಗಳಲ್ಲಿ, ಕೆಲವು ಕಡೆ ಮನೆ ಬಾಗಿಲಲ್ಲೇ, ಪೆನ್‌ಡ್ರೈವ್‌ಗಳು ಬಿದ್ದಿದ್ದವು. ಒಳಗೆ ಹಲವು ಹೆಣ್ಣುಮಕ್ಕಳ ವಿಡಿಯೊ, ಫೋಟೊ. ಮುಖ ಮಸುಕು ಮಾಡುವ ಸೌಜನ್ಯವನ್ನೂ ಹಂಚಿದವರು ತೋರಿರಲಿಲ್ಲ. 27ರಂದು ಸರ್ಕಾರ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚಿಸುವುದಾಗಿ ಪ್ರಕಟಿಸಿತು. ಮೇ 30ರಂದು ರಾಜ್ಯದ ಮೂಲೆಮೂಲೆಯಿಂದ ಜನ 'ಹಾಸನ ಚಲೋ' ಅಂತ ಬಂದು ನಮ್ಮೂರ ರಸ್ತೆಯಲ್ಲಿ ನಡೆದರು. ಅದೇ ರಾತ್ರಿ ಕಳೆದು 31 ಹುಟ್ಟುವ ಹೊತ್ತಿಗೆ, ಜರ್ಮನಿಯಿಂದ ಬಂದಿಳಿದ ಆರೋಪಿ, ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಅತ್ಯಾಚಾರದ ಒಂದು ಪ್ರಕರಣದಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಅವರನ್ನು ಅಪರಾಧಿ ಎಂದಿತು, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಹೈಕೋರ್ಟಿಗೆ ಮೇಲ್ಮನವಿ ಹಾಕಿದ್ದಾರೆ. ಕೋರ್ಟಿನ ಕೆಲಸ ಕೋರ್ಟು ನೋಡಿಕೊಳ್ಳುತ್ತದೆ.

ನಮ್ಮ ಪಾಲಿನ ಲೆಕ್ಕ ಯಾರು ನೋಡುವುದು?

ಚಿತ್ರೀಕರಿಸಿದ್ದು ಒಂದು ಅಪರಾಧ. ಪೆನ್‌ಡ್ರೈವ್‌ಗೆ ತುಂಬಿ ಬೀದಿಗೆ ಎಸೆದದ್ದು ಇನ್ನೊಂದು. ಆ ಎರಡನೆಯದನ್ನು ಯಾರು ಮಾಡಿಸಿದರು ಅನ್ನುವುದಕ್ಕೆ ಪಕ್ಷಗಳು ಒಬ್ಬರ ಮೇಲೊಬ್ಬರು ಬೊಟ್ಟು ಮಾಡಿಕೊಂಡು ತಿಂಗಳುಗಟ್ಟಲೆ ಕಿತ್ತಾಡಿದವು. ಆದರೆ ಮೂರನೆಯ ಕೆಲಸವೊಂದಿದೆ. ಅದಕ್ಕೆ ಯಾವ ಪಕ್ಷದ ಅಪ್ಪಣೆಯೂ ಬೇಕಾಗಲಿಲ್ಲ. ಟೀ ಅಂಗಡಿ ಮುಂದೆ ನಿಂತ ಒಬ್ಬ, ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿದ್ದ ಮೊಬೈಲನ್ನು ಪಕ್ಕದವನ ಕಡೆಗೆ ಸ್ವಲ್ಪ ಓರೆ ಮಾಡುತ್ತಾನೆ. ಬಿಸಿಲು ಬೀಳದ ಹಾಗೆ ಅಂಗೈ ಅಡ್ಡ ಹಿಡಿಯುತ್ತಾನೆ. ಸೌಂಡು ಕಡಿಮೆ ಮಾಡುತ್ತಾನೆ. ಪಕ್ಕದವನು ಬಗ್ಗಿ ನೋಡಿ, 'ಇವಳು ಇಂಥೋರ ಮನೆಯವಳಲ್ವಾ?' ಅನ್ನುತ್ತಾನೆ. ಆಮೇಲೆ 'ನಂಗೂ ಕಳ್ಸು' ಅನ್ನುತ್ತಾನೆ. ಆ ವರ್ಷದ ಬೇಸಿಗೆಯಲ್ಲಿ ಈ ನಾಲ್ಕು ಊರುಗಳಲ್ಲಿ ಇದನ್ನು ಕಾಣದ ಟೀ ಅಂಗಡಿ, ಕಟಿಂಗ್ ಶಾಪು, ಬಸ್ಸಿನ ಹಿಂದಿನ ಸೀಟು ಇತ್ತೇ?

ಆ ಹೆಣ್ಣುಮಕ್ಕಳು ಮನೆ ಬಿಟ್ಟು ಹೋಗಲು ಕಾರಣವಾದದ್ದು ಈ ಮೂರನೆಯ ಕೆಲಸ. ಮನೆಗೆ ಬೀಗ ಹಾಕಿ ಊರು ತೊರೆದ ಕುಟುಂಬಗಳ ಸುದ್ದಿ ಆ ಮೇ ತಿಂಗಳ ಪತ್ರಿಕೆಗಳಲ್ಲೇ ಬಂದಿದೆ. ಅವರನ್ನು ಓಡಿಸಿದ್ದು ಪೊಲೀಸರಲ್ಲ, ಕೋರ್ಟಲ್ಲ. ಅಂಗಡಿಗೆ ಹೋದರೆ ತಿರುಗಿ ನೋಡುವ ಕಣ್ಣು, ಡೇರಿಗೆ ಹಾಲು ಹಾಕಲು ನಿಂತರೆ ಹಿಂದಿನಿಂದ ಕೇಳುವ ನಗು. ಆ ಕಣ್ಣೂ ಆ ನಗುವೂ ನಮ್ಮವೇ.

ಒಂದು ಮಾತನ್ನು ಬಿಡಿಸಿ ಹೇಳಬೇಕು. ಬೆದರಿಸುವವನ ಕೈಯಲ್ಲಿ ವಿಡಿಯೊ ಯಾಕೆ ಆಯುಧವಾಗುತ್ತದೆ? ಊರು ನೋಡುತ್ತದೆ, ನೋಡಿ ಆಡಿಕೊಳ್ಳುತ್ತದೆ ಅನ್ನುವ ಖಾತ್ರಿ ಅವನಿಗೆ ಇರುವುದರಿಂದ. 'ಯಾರಿಗಾದರೂ ಹೇಳಿದರೆ ಇದನ್ನು ಎಲ್ಲರಿಗೂ ಕಳಿಸುತ್ತೇನೆ' ಅನ್ನುವ ಬೆದರಿಕೆಯಲ್ಲಿ 'ಎಲ್ಲರಿಗೂ' ಅಂದರೆ ನೀವು, ನಾವು. ನಾವು ನೋಡುವುದಿಲ್ಲ, ಕಳಿಸುವುದಿಲ್ಲ, ಅವಳನ್ನು ಒಂದು ಮಾತು ಅನ್ನುವುದಿಲ್ಲ ಅಂತ ಊರೇ ನಿಂತುಬಿಟ್ಟರೆ ಆ ಬೆದರಿಕೆ ಕವಡೆ ಕಿಮ್ಮತ್ತಿಗೂ ಬಾಳುವುದಿಲ್ಲ.

ಈ ಮಾತು ಹೇಳಿದಾಗಲೆಲ್ಲ ನಮಗೆ ಸಿಗುವ ಉತ್ತರಗಳೂ ಗೊತ್ತು.

'ಎಲ್ಲರೂ ನೋಡಿದ್ದಾರೆ, ನಾನೊಬ್ಬ ಡಿಲೀಟ್ ಮಾಡಿದರೆ ಏನಾಗುತ್ತೆ?' ನಿಮ್ಮ ಫೋನಿನಿಂದ ಹೊಸದಾಗಿ ಹೋಗುವುದು ನಿಲ್ಲುತ್ತದೆ. ಅಷ್ಟಾಗುತ್ತದೆ. ಆ ವಿಡಿಯೊ ಯಾವುದೋ ದೂರದ ಸರ್ವರಿನಲ್ಲಿ ಇರುವುದಕ್ಕಿಂತ ಅವಳ ಮನೆಯಿರುವ ಬೀದಿಯವನ ಗ್ಯಾಲರಿಯಲ್ಲಿ ಇರುವುದು ಅವಳಿಗೆ ಹೆಚ್ಚು ಅಪಾಯ. ದೂರದವರಿಗೆ ಅವಳ ಹೆಸರು ಗೊತ್ತಿಲ್ಲ.

'ಸಾಕ್ಷಿ ಅಂತ ಇಟ್ಟುಕೊಂಡಿದ್ದೇನೆ.' ಸ್ವಾಮಿ, ನೀವು ಯಾವ ಕೇಸಿನ ತನಿಖಾಧಿಕಾರಿ? ಎಲೆಕ್ಟ್ರಾನಿಕ್ ಸಾಕ್ಷಿ ಅಂದರೆ ಯಾವ ಸಾಧನದಿಂದ, ಯಾರು, ಹೇಗೆ ತೆಗೆದರು ಅನ್ನುವ ಪ್ರಮಾಣಪತ್ರದ ಸಮೇತ ಕೋರ್ಟಿಗೆ ಹೋಗಬೇಕು. ವಿಧಿವಿಜ್ಞಾನ ಪ್ರಯೋಗಾಲಯ ಅದನ್ನು ಪರಿಶೀಲಿಸಬೇಕು. ಹತ್ತು ಗ್ರೂಪು ದಾಟಿ ನಿಮ್ಮ ಫೋನಿಗೆ ಬಂದ ನಕಲು ಸಾಕ್ಷಿಯೆಂದು ಬಾಳುವುದಿಲ್ಲ.

'ಅವಳು ಯಾಕೆ ಹೋಗಬೇಕಾಗಿತ್ತು?' ಇದಕ್ಕೆ ಉತ್ತರ ಕೊಡುವುದಿಲ್ಲ. ಅಧಿಕಾರ ಇರುವವರ ಮನೆ ಬಾಗಿಲಿಗೆ ಕೆಲಸಕ್ಕೋ, ವರ್ಗಾವಣೆಗೋ, ಒಂದು ಶಿಫಾರಸು ಪತ್ರಕ್ಕೋ ಹೋಗದ ಮನೆ ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಅಂತ ನಿಮ್ಮ ನಿಮ್ಮ ಮನೆಯಲ್ಲೇ ವಿಚಾರಿಸಿಕೊಳ್ಳಿ.

ಇನ್ನು ಕಾನೂನು. ಎಸ್‌ಐಟಿ ಈ ವಿಡಿಯೊಗಳನ್ನು ಹಂಚಿದವರ ಮೇಲೆ ಕ್ರಮ ಎಂದು 2024ರ ಮೇ ತಿಂಗಳಲ್ಲೇ ಎಚ್ಚರಿಸಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನ ಪ್ರಕಾರ ಲೈಂಗಿಕ ದೃಶ್ಯವನ್ನು ಮೊಬೈಲಿನಲ್ಲಿ ಕಳಿಸಿದವನಿಗೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. 66ಇ ಕಲಮು ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ತೆಗೆಯುವವರನ್ನೂ ಅದನ್ನು ಕಳಿಸುವವರನ್ನೂ ಒಂದೇ ವಾಕ್ಯದಲ್ಲಿ ಹಿಡಿಯುತ್ತದೆ. 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಆ ಮಾಜಿ ಸಂಸದರಿಗೆ ಶಿಕ್ಷೆಯಾದ ಕಲಮುಗಳ ಪಟ್ಟಿಯಲ್ಲಿ ಈ 66ಇ ಕೂಡ ಇದೆ. 'ಅವನಿಗೆ ಸರಿಯಾಗಿ ಆಯ್ತು' ಅಂತ ಸ್ಟೇಟಸ್ ಹಾಕಿ, ಅದೇ ಫೋನಿನಿಂದ ಅದೇ ವಿಡಿಯೊ ಫಾರ್ವರ್ಡ್ ಮಾಡಿದವರು ದಯವಿಟ್ಟು ಈ ಸಾಲನ್ನು ಇನ್ನೊಂದು ಸಲ ಓದಬೇಕು. ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ 2 ವರ್ಷದವರೆಗೆ ಶಿಕ್ಷೆ ಇದೆ. ಹೆಸರು ಹೇಳಿದರೆ ಮಾತ್ರ ಅಂತಲ್ಲ. 'ಇಂಥ ಊರಿನ, ಇಂಥ ಇಲಾಖೆಯ' ಅಂತ ಸುಳಿವು ಕೊಡುವ ಯೂಟ್ಯೂಬ್ ಚಾನೆಲ್‌ನವರಿಗೂ, ಥಂಬ್‌ನೈಲಿನಲ್ಲಿ ಅರ್ಧ ಮುಖ ಬಿಟ್ಟು ವ್ಯೂಸ್ ಎಣಿಸುವವರಿಗೂ ಇದು ಅನ್ವಯ. ಚಿತ್ರದಲ್ಲಿರುವುದು ಹದಿನೆಂಟು ತುಂಬದ ಮಗುವಾದರಂತೂ ಡೌನ್‌ಲೋಡ್ ಮಾಡಿದ್ದೂ ಅಪರಾಧ. ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ಅದನ್ನು ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಹೇಳಿದೆ.

ಗ್ರೂಪ್ ಅಡ್ಮಿನ್‌ಗಳು ಹೆದರಬೇಕಾಗಿಲ್ಲ. ಅಡ್ಮಿನ್ ಆದ ಮಾತ್ರಕ್ಕೆ ಬೇರೆಯವರು ಹಾಕಿದ್ದಕ್ಕೆಲ್ಲ ಹೊಣೆಯಲ್ಲ ಎಂದು ಕೇರಳ ಹೈಕೋರ್ಟು 2022ರಲ್ಲಿ ಹೇಳಿತು. ಆದರೆ ಗ್ರೂಪಿನಲ್ಲಿ ಯಾರು ಹಾಕಿದ್ದನ್ನಾದರೂ ಎಲ್ಲರ ಚಾಟಿನಿಂದ ತೆಗೆಯುವ ಬಟನ್ ಅಡ್ಮಿನ್ ಕೈಯಲ್ಲಿದೆ. ಹೊಣೆ ಇಲ್ಲದಿದ್ದರೂ ಅಧಿಕಾರ ಇದೆ. ಅದನ್ನು ಬಳಸಿ ಅಂತ ಕೇಳುತ್ತಿದ್ದೇವೆ.

'ನಾನು ಮುಟ್ಟೇ ಇಲ್ಲ, ಫೋನಿನಲ್ಲಿ ಹೇಗೆ ಬರುತ್ತೆ?' ಅನ್ನುವವರ ಮಾತು ನಂಬಬಹುದು, ಯಾಕೆಂದರೆ ಅದು ಹಾಗೇ ಬರುತ್ತದೆ. ವಾಟ್ಸಾಪಿನಲ್ಲಿ ಆಟೋ ಡೌನ್‌ಲೋಡ್ ಆನ್ ಇದ್ದರೆ ಗ್ರೂಪಿಗೆ ಬಿದ್ದದ್ದೆಲ್ಲ ತಾನಾಗಿಯೇ ನಿಮ್ಮ ಗ್ಯಾಲರಿಗೆ ಇಳಿಯುತ್ತದೆ. ಮಗಳ ನಾಮಕರಣದ ಫೋಟೊ, ಹಾಸನಾಂಬೆ ದರ್ಶನದ ಸೆಲ್ಫಿ, ಆಲೂಗಡ್ಡೆ ಬಿತ್ತನೆ ಬೀಜದ ರೇಟು, ಇವುಗಳ ನಡುವೆ ಅದೂ ಕೂತಿರುತ್ತದೆ. ರಜೆಯಲ್ಲಿ ಗೇಮ್ ಆಡಲು ಫೋನ್ ಕೇಳಿದ ಮೊಮ್ಮಗನಿಗೆ ಮೊದಲು ಸಿಗುವುದೂ ಅದೇ.

ಇವತ್ತು ರಾತ್ರಿ ಊಟ ಆದ ಮೇಲೆ ಒಂದರ್ಧ ಗಂಟೆ ಕೂತು ಇಷ್ಟು ಮಾಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಟೋರೇಜ್ ಅಂಡ್ ಡೇಟಾ ಒತ್ತಿ, ಆಟೋ ಡೌನ್‌ಲೋಡ್‌ನಲ್ಲಿ ಎಲ್ಲ ಟಿಕ್ ತೆಗೆಯಿರಿ. ಚಾಟ್ಸ್ ಅನ್ನುವಲ್ಲಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ, ಆಗ ಬಂದದ್ದು ಗ್ಯಾಲರಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆಮೇಲೆ ಹಳೆಯದನ್ನು ಹುಡುಕಿ. ಗ್ಯಾಲರಿಯಲ್ಲಿ ಅಳಿಸಿದರೆ ಮುಗಿಯಲಿಲ್ಲ, ಅದು ಕಸದ ಬುಟ್ಟಿಗೆ ಹೋಗಿ ಕೂರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ ಆ ಬುಟ್ಟಿಯಲ್ಲಿ 60 ದಿನ ಇರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿ. ಹಳೆ ಫೋನಿನ ಮೆಮರಿ ಕಾರ್ಡು, ಬೀರುವಿನ ಡ್ರಾದಲ್ಲಿ ಬಿದ್ದಿರುವ ಪೆನ್‌ಡ್ರೈವ್ ಇವೆಯಲ್ಲ, ಅವುಗಳಲ್ಲಿ ಬರೀ ಡಿಲೀಟ್ ಸಾಲದು. ಅಳಿಸಿದ್ದನ್ನು ವಾಪಸ್ ತೆಗೆಯುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಫಾರ್ಮ್ಯಾಟ್ ಮಾಡಿ, ಮೇಲೆ ಭಜನೆಯೋ ಯಕ್ಷಗಾನವೋ ಭರ್ತಿ ತುಂಬಿ, ಮತ್ತೆ ಫಾರ್ಮ್ಯಾಟ್ ಮಾಡಿ. ಬೇಡವೆಂದರೆ ಸುತ್ತಿಗೆ ಇದ್ದೇ ಇದೆ, ಇನ್ನೂರು ಮುನ್ನೂರು ರೂಪಾಯಿಯ ವಸ್ತು.

ಇನ್ನೊಂದು ಬಾಗಿಲು ಮೊಬೈಲ್ ರಿಪೇರಿ ಅಂಗಡಿ. ಅಂಗಡಿಯವರ ಮೇಲೆ ನಮಗೆ ದ್ವೇಷವಿಲ್ಲ. ಡಿಸ್‌ಪ್ಲೇ ಒಡೆದಾಗ, ಚಾರ್ಜಿಂಗ್ ಪಿನ್ ಹೋದಾಗ ನಮ್ಮ ಪ್ರಪಂಚ ನಡೆಸುವವರು ಅವರೇ. ಆದರೆ ಕೌಂಟರಿನ ಮೇಲೆ ಏನು ನಡೆಯುತ್ತದೆ ನೋಡಿ. ನೀವು ಫೋನು ಕೊಡುತ್ತೀರಿ. ಹುಡುಗ ಒಂದು ಚೂರು ಕಾಗದ ಹರಿದು, ಒಂಬತ್ತು ಚುಕ್ಕೆ ಇಟ್ಟು, 'ಪ್ಯಾಟರ್ನ್ ಹಾಕಿ ಅಕ್ಕ' ಅನ್ನುತ್ತಾನೆ. ನೀವು ಗೆರೆ ಎಳೆಯುತ್ತೀರಿ. ಕೆಳಗೆ ನಿಮ್ಮ ನಂಬರ್. ಆ ಚೀಟಿಯನ್ನು ಸೆಲ್ಲೋ ಟೇಪಿನಲ್ಲಿ ಫೋನಿನ ಬೆನ್ನಿಗೆ ಅಂಟಿಸಿ, ಅಂಥವೇ ಹದಿನೈದು ಇಪ್ಪತ್ತು ಫೋನಿನ ಜೊತೆ ಡಬ್ಬಿಯಲ್ಲಿ ಇಡುತ್ತಾನೆ. ಸಂಜೆವರೆಗೂ ನಿಮ್ಮ ಮನೆ ಫೋಟೊ, ಗಂಡನ ಜೊತೆ ಆಡಿದ ಮಾತು, ಬ್ಯಾಂಕಿನ ಮೆಸೇಜು ಎಲ್ಲವೂ ಆ ಡಬ್ಬಿಯಲ್ಲಿ ಬೀಗದಕೈ ಸಮೇತ ಇರುತ್ತವೆ. ನೂರರಲ್ಲಿ ತೊಂಬತ್ತೊಂಬತ್ತು ಅಂಗಡಿಯವರು ಅದನ್ನು ತೆರೆಯುವುದಿಲ್ಲ ಅಂತಲೇ ಇಟ್ಟುಕೊಳ್ಳೋಣ. ಉಳಿದ ಒಬ್ಬನಿಗೆ ಒಂದು ಕೇಬಲ್, ಐದು ನಿಮಿಷ ಸಾಕು.

ಡಿಸ್‌ಪ್ಲೇ ಹಾಕುವುದಕ್ಕೋ ಪಿನ್ ಬದಲಿಸುವುದಕ್ಕೋ ಗ್ಯಾಲರಿ ತೆರೆಯುವ ಅಗತ್ಯವಿಲ್ಲ. ಸ್ಯಾಮ್‌ಸಂಗ್ ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್ ಅಂತ ಒಂದಿದೆ. ಅದನ್ನು ಆನ್ ಮಾಡಿ ಕೊಟ್ಟರೆ ರಿಪೇರಿ ಮಾಡುವವನಿಗೆ ಫೋನು ಸಿಗುತ್ತದೆ, ನಿಮ್ಮ ಫೋಟೊ ಸಿಗುವುದಿಲ್ಲ. ಬೇರೆ ಕೆಲವು ಕಂಪನಿಗಳ ಹೊಸ ಮಾಡೆಲ್‌ಗಳಲ್ಲೂ ಇಂಥದ್ದಿದೆ, ಅಂಗಡಿಯವರನ್ನೇ ಕೇಳಿ. ಇಲ್ಲದಿದ್ದರೆ ಎದುರಿಗೇ ನಿಂತು ಮಾಡಿಸಿ, ಲಾಕ್ ನೀವೇ ತೆಗೆದು ತೋರಿಸಿ. ಹಳೆ ಫೋನು ಎಕ್ಸ್‌ಚೇಂಜಿಗೆ ಕೊಡುವ ಮುಂಚೆ ಫ್ಯಾಕ್ಟರಿ ರಿಸೆಟ್ ಮಾಡಿ, ಮೆಮರಿ ಕಾರ್ಡು ಕಿತ್ತಿಟ್ಟುಕೊಳ್ಳಿ. ಮೊಬೈಲ್ ಅಂಗಡಿ ಮಾಲೀಕರಲ್ಲಿ ನಮ್ಮ ಬೇಡಿಕೆ ಒಂದೇ: 'ಇಲ್ಲಿ ಪ್ಯಾಟರ್ನ್ ಬರೆಸಿಕೊಳ್ಳುವುದಿಲ್ಲ' ಅಂತ ಒಂದು ಬೋರ್ಡು ಹಾಕಿ. ಯಾವ ಅಂಗಡಿ ಹಾಕುತ್ತದೋ ಅಲ್ಲಿಗೇ ನಮ್ಮ ಫೋನು.

'ಇದೆಲ್ಲ ಹೆಂಗಸರ ವಿಷಯ, ನಮಗ್ಯಾಕೆ?' ಅನ್ನುವ ಗಂಡಸರಿಗೆ ಎರಡು ಮಾತು. ಕಾವೇರಿ ಪೋರ್ಟಲಿನಲ್ಲಿದ್ದ ಆಸ್ತಿ ನೋಂದಣಿ ಪತ್ರಗಳಿಂದ ಜನರ ಹೆಬ್ಬೆಟ್ಟಿನ ಗುರುತು, ಆಧಾರ್ ನಂಬರ್ ಕದ್ದು, ನಕಲಿ ಹೆಬ್ಬೆಟ್ಟು ತಯಾರಿಸಿ ಬ್ಯಾಂಕ್ ಖಾತೆಯಿಂದ ಹಣ ಎಳೆದ ಪ್ರಕರಣಗಳು 2023ರಲ್ಲಿ ಈ ರಾಜ್ಯದಲ್ಲೇ ನಡೆದವು. ಆಮೇಲೆ ನೋಂದಣಿ ಇಲಾಖೆ ಆ ಗುರುತುಗಳನ್ನು ಮರೆಮಾಚಿತು. ಜಮೀನು ಕ್ರಯ ಮಾಡಿಕೊಂಡ ಗಂಡಸರ ಬೆರಳುಗಳೂ ಅವುಗಳಲ್ಲಿ ಇದ್ದವು. ಸಾಲದ ಆ್ಯಪುಗಳದ್ದು ಇನ್ನೊಂದು ಬಗೆ. ಐದು ಸಾವಿರಕ್ಕೆ ಕೈಚಾಚಿದರೆ ಮೊದಲು ಕೇಳುವುದು ಕಾಂಟ್ಯಾಕ್ಟ್ಸ್, ಆಮೇಲೆ ಗ್ಯಾಲರಿ. ಕಂತು ತಪ್ಪಿದರೆ ಮುಖ ಕತ್ತರಿಸಿ ಬೆತ್ತಲೆ ಮೈಗೆ ಅಂಟಿಸಿ ಮಾವನ ಮನೆಯವರಿಗೆಲ್ಲ ಕಳಿಸುತ್ತಾರೆ. ಸಾಲ ಕೊಡುವ ಆ್ಯಪುಗಳು ಫೋನಿನ ಕಾಂಟ್ಯಾಕ್ಟ್ಸ್, ಫೋಟೊ, ಕರೆ ಪಟ್ಟಿ ಮುಟ್ಟಕೂಡದು ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಕೇಳಿದ ಆ್ಯಪು ಕಳ್ಳ ಆ್ಯಪು ಅಂತಲೇ ತಿಳಿಯಿರಿ. ಈಗಂತೂ ಕತ್ತರಿಸಿ ಅಂಟಿಸುವ ಕಷ್ಟವೂ ಇಲ್ಲ. ಕಾಲೇಜು ವಾರ್ಷಿಕೋತ್ಸವದ ಒಂದು ಫೋಟೊ ಕೊಟ್ಟರೆ ಎಐ ಅದಕ್ಕೆ ಬೇಕಾದ ಮೈ ತಯಾರಿಸುತ್ತದೆ. ನಾಳೆ ನಿಮ್ಮ ಫೋನಿಗೆ ಬರುವ ವಿಡಿಯೊದಲ್ಲಿರುವ ಹುಡುಗಿ ಅಲ್ಲಿಗೆ ಹೋಗಿಯೇ ಇರಲಿಕ್ಕಿಲ್ಲ. ಅವಳೇ ಅಲ್ಲದಿರಬಹುದು. ಆದರೂ ಊರಿನ ಬಾಯಿ ಒಂದೇ ಥರ ಆಡುತ್ತದೆ.

ಖಾಸಗಿತನ ಅನ್ನುವುದು ಪಟ್ಟಣದ ಶ್ರೀಮಂತರ ಶೋಕಿ ಅಂತ ನಮ್ಮಲ್ಲಿ ತುಂಬಾ ಜನರ ಎಣಿಕೆ. ಈ ದೇಶದಲ್ಲಿ ಅದನ್ನು ಮೂಲಭೂತ ಹಕ್ಕು ಎಂದು ಹೇಳಿಸಿದ ಮೊಕದ್ದಮೆಗೆ ಒಬ್ಬ ಕನ್ನಡಿಗರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಖಾಸಗಿತನವೂ ಇದೆ ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಸರ್ಕಾರದ ವಿರುದ್ಧ ಗೆದ್ದುಕೊಟ್ಟ ಹಕ್ಕನ್ನು ಪಕ್ಕದ ಮನೆಯ ಹೆಣ್ಣುಮಗಳಿಗೆ ನಾವು ಕೊಡದಿದ್ದರೆ ಆ ತೀರ್ಪು ದೆಹಲಿಯ ಕಪಾಟಿನಲ್ಲೇ ಇರುತ್ತದೆ.

ಹಾಗೆಂದು ಹಾಸನ ಅಂದರೆ ಪೆನ್‌ಡ್ರೈವ್ ಅಂತ ನಾವು ತಲೆ ತಗ್ಗಿಸಿ ಕೂರಬೇಕಿಲ್ಲ. 2025ರ ಮೇ ತಿಂಗಳಲ್ಲಿ ಇದೇ ಊರಿನ ವಕೀಲೆ, ಕತೆಗಾರ್ತಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಅವೆಲ್ಲ ಮನೆಯೊಳಗೆ ಬಾಯಿ ಕಟ್ಟಿಸಿಕೊಂಡ ಹೆಂಗಸರ ಕತೆಗಳೇ. ಪೇಟೆಯಲ್ಲಿ ಅವರ ಫ್ಲೆಕ್ಸ್ ಕಟ್ಟಿ ಹಾರ ಹಾಕಿದ ಕೈಗಳೇ, ಅಂಥದೇ ಹೆಂಗಸರ ವಿಡಿಯೊ ಇಟ್ಟುಕೊಂಡಿದ್ದರೆ ಅದನ್ನು ಏನೆನ್ನಬೇಕು ಹೇಳಿ.

ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದ ಆ ಒಬ್ಬ ತಾಯಿಯ ಬಗ್ಗೆಯೂ ಒಂದು ಮಾತು. ಮನೆಗೆಲಸ ಮಾಡಿಕೊಂಡಿದ್ದವರು. ಎದುರಿಗಿದ್ದದ್ದು ಮಾಜಿ ಪ್ರಧಾನಿಯ ಮನೆತನ. ಅವರು ಬಾಯಿ ಬಿಟ್ಟಿದ್ದರಿಂದ ತೀರ್ಪು ಬಂತು. ಅವರ ಹೆಸರು ನಮಗೆ ಬೇಡ, ನಿಮಗೂ ಬೇಡ.

ಈಗ ಈ ಕಷ್ಟ ಅನುಭವಿಸುತ್ತಿರುವ ಅಕ್ಕತಂಗಿಯರಿಗೆ. ಯಾರಾದರೂ ನಿಮ್ಮ ಚಿತ್ರ ಇಟ್ಟುಕೊಂಡು ಬೆದರಿಸುತ್ತಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟರೆ ನಿಲ್ಲುವುದಿಲ್ಲ. ಬೇರೆಯವರಿಗೆ ಅಳಿಸಿ ಅನ್ನುವ ನಾವು ನಿಮಗೆ ಮಾತ್ರ ಅಳಿಸಬೇಡಿ ಅನ್ನುತ್ತೇವೆ. ಅವನ ಮೆಸೇಜು, ನಂಬರು, ಹಣ ಕೇಳಿದ ಕ್ಯೂಆರ್ ಕೋಡು, ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ದೂರು ಪೋರ್ಟಲಿನಲ್ಲಿ ಮಹಿಳೆಯರ, ಮಕ್ಕಳ ಮೇಲಿನ ಇಂಥ ಅಪರಾಧದ ಬಗ್ಗೆ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಯಾವ ಠಾಣೆಗೆ ಹೋದರೂ ಶೂನ್ಯ ಎಫ್‌ಐಆರ್ ದಾಖಲಿಸಬೇಕು, 'ಇದು ನಮ್ಮ ವ್ಯಾಪ್ತಿಗೆ ಬರಲ್ಲ' ಅನ್ನುವ ಹಾಗಿಲ್ಲ. ಲೈಂಗಿಕ ಅಪರಾಧವಾದರೆ ನಿಮ್ಮ ಹೇಳಿಕೆಯನ್ನು ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ಸಾಮಾಜಿಕ ಜಾಲತಾಣದ ಕಂಪನಿಗೆ ನೀವೇ ದೂರು ಕೊಟ್ಟರೆ ಇಂಥ ಚಿತ್ರ ತೆಗೆಯುವುದಕ್ಕೆ 2021ರ ಐಟಿ ನಿಯಮಗಳೇ 24 ಗಂಟೆಯ ಗಡುವು ಹಾಕಿದ್ದವು. ಸ್ಟಾಪ್ ಎನ್‌ಸಿಐಐ ಅನ್ನುವ ಒಂದು ಉಚಿತ ಸೇವೆಯೂ ಇದೆ. ಅದರಲ್ಲಿ ನಿಮ್ಮ ಚಿತ್ರ ಯಾರಿಗೂ ಹೋಗುವುದಿಲ್ಲ. ಚಿತ್ರದಿಂದ ಒಂದು ಅಂಕಿಯ ಗುರುತು ನಿಮ್ಮ ಫೋನಿನಲ್ಲೇ ತಯಾರಾಗಿ ಅದಷ್ಟೇ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದವು ಆ ಗುರುತು ಹೊಂದುವ ಚಿತ್ರ ಬಂದರೆ ತಡೆಯುತ್ತವೆ. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಕಾನೂನು ಸೇವೆಗಳ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ.

ಮನೆಯ ಹಿರಿಯರಲ್ಲಿ ಒಂದು ಕೋರಿಕೆ. ಮಗಳು ಬಂದು ಹೀಗಾಗಿದೆ ಅಂದರೆ ಮೊದಲು ಅವಳ ಫೋನು ಕಿತ್ತುಕೊಳ್ಳಬೇಡಿ, ಕಾಲೇಜು ಬಿಡಿಸಬೇಡಿ. ಮನೆಗೆ ಗೊತ್ತಾದರೆ ಓದು ನಿಂತುಹೋಗುತ್ತದೆ ಅನ್ನುವ ಹೆದರಿಕೆ ಇರುವಷ್ಟು ದಿನ ಬೆದರಿಸುವವನಿಗೆ ಅವಳ ಮೇಲೆ ಹಿಡಿತ ಇರುತ್ತದೆ.

ಆಡಳಿತದ ಮುಂದೆ ನಮ್ಮ ಹಕ್ಕೊತ್ತಾಯ ದೊಡ್ಡದೇನಲ್ಲ. ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಠಾಣೆ ಇರುವುದು ಹಾಸನದಲ್ಲಿ. ಅರಕಲಗೂಡಿನಿಂದಲೋ ಹೊಳೆನರಸೀಪುರದಿಂದಲೋ ಚನ್ನರಾಯಪಟ್ಟಣದಿಂದಲೋ ಒಬ್ಬ ಹೆಣ್ಣುಮಗಳು ಮೂವತ್ತು ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ, ಮನೆಯಲ್ಲಿ ಏನೋ ಒಂದು ನೆಪ ಹೇಳಿ, ದಿನದ ಕೂಲಿ ಬಿಟ್ಟು ಬರಬೇಕು. ವಾರಕ್ಕೆ ಒಂದು ದಿನ ಆ ಠಾಣೆಯ ಒಬ್ಬ ಮಹಿಳಾ ಸಿಬ್ಬಂದಿ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಕೂರಲಿ. ಪೊಲೀಸ್ ಠಾಣೆಯಲ್ಲಿ ಬೇಡ, ತಾಲ್ಲೂಕು ಆಸ್ಪತ್ರೆಯಲ್ಲೋ ಸಿಡಿಪಿಒ ಕಚೇರಿಯಲ್ಲೋ ಕೂರಲಿ, ಬಂದವಳು ಯಾವ ಕೆಲಸಕ್ಕೆ ಬಂದಳು ಅಂತ ಬೀದಿಗೆ ತಿಳಿಯದ ಹಾಗೆ. ನಮ್ಮ ನಾಲ್ಕೂ ಶಾಸಕರು ಮುಂದಿನ ಕೆಡಿಪಿ ಸಭೆಯಲ್ಲಿ ಇದನ್ನು ಎತ್ತಲಿ. ನೀವೂ ನಿಮ್ಮ ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಸದೆ ಬಂದರೆ ಕೇಳದ ಹಾಗೆಯೇ. ಸ್ತ್ರೀಶಕ್ತಿ ಸಂಘಗಳ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಕರಪತ್ರವನ್ನು ಒಬ್ಬರು ಓದಿ, ಉಳಿದವರು ಕೇಳಿ. ಪದವಿ ಕಾಲೇಜುಗಳ ಎನ್ಎಸ್ಎಸ್ ಹುಡುಗರು ತಮ್ಮ ತಮ್ಮ ಮನೆಯ ಹಿರಿಯರ ಫೋನಿನಲ್ಲಿ ಆ ಆಟೋ ಡೌನ್‌ಲೋಡ್ ಆಫ್ ಮಾಡಿಕೊಟ್ಟರೆ ಅದೂ ಒಂದು ಶ್ರಮದಾನವೇ.

ಜಿಲ್ಲಾ ಪಂಚಾಯಿತಿಯೋ ತಾಲ್ಲೂಕು ಪಂಚಾಯಿತಿಯೋ ವಿಧಾನಸಭೆಯೋ, ಮುಂದೆ ಯಾವ ಚುನಾವಣೆ ಬಂದರೂ ಮತ್ತೆ ಇಂಥದ್ದೊಂದು ಬರುತ್ತದೆ. ಈ ಸಲ ಪೆನ್‌ಡ್ರೈವ್ ಎಸೆಯುವ ಖರ್ಚೂ ಬೇಡ, ಒಂದು ಲಿಂಕ್ ಸಾಕು. ಯಾರ ಪಕ್ಷದವರ ಮೇಲೆ ಬಂದರೂ ತೆರೆಯಬೇಡಿ. ನಿಮಗೆ ಆಗದ ಅಭ್ಯರ್ಥಿಯನ್ನು ಸೋಲಿಸಲು ನಿಮ್ಮಲ್ಲಿ ಓಟು ಇದೆ. ಅದಕ್ಕೆ ಒಬ್ಬ ಹೆಣ್ಣುಮಗಳ ಮೈ ಬೇಕಾಗಿಲ್ಲ. ಕಳಿಸಿದವನು ಅಣ್ಣನೇ ಆಗಲಿ, ಭಾವನೇ ಆಗಲಿ, 'ಇಂಥದ್ದನ್ನ ನಂಗೆ ಕಳಿಸ್ಬೇಡಿ' ಅಂತ ಗ್ರೂಪಿನಲ್ಲೇ, ಎಲ್ಲರ ಮುಂದೆಯೇ ಬರೆಯಿರಿ. ಒಬ್ಬರು ಬರೆದರೆ ಇಬ್ಬರು ಬರೆಯುತ್ತಾರೆ.

ಸೈಬರ್ ವಂಚನೆಯಲ್ಲಿ ಹಣ ಹೋದರೆ 1930. ತುರ್ತಿಗೆ 112. ಮಹಿಳಾ ಸಹಾಯವಾಣಿ 181. ಮಕ್ಕಳ ಸಹಾಯವಾಣಿ 1098. ಉಚಿತ ಕಾನೂನು ನೆರವು 15100. ಈ ಐದೂ ನಂಬರುಗಳನ್ನು ಮನೆಯ ಹೆಣ್ಣುಮಕ್ಕಳ ಫೋನಿನಲ್ಲಿ ಇವತ್ತೇ ಸೇವ್ ಮಾಡಿಕೊಡಿ. ಕರಪತ್ರವನ್ನು ಬಿಸಾಡದೆ ಪಕ್ಕದ ಮನೆಗೆ ಕೊಡಿ.

ಇಂತಿ,
ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕೆಲವು ನಾಗರಿಕರು